ಮಾವುತನಿಂದ ರಾವುತನಿಗೆ

ರಾವುತ, ಮಾವುತ ಎಂಬ ಎರಡು ಮಾತುಗಳು ಕನ್ನಡದಲ್ಲಿ ಜೊತೆಜೊತೆಯಾಗಿಯೇ ನಾಲಗೆಗೆ ಬರುತ್ತವೆ. ಹಳೆಯ ಯುದ್ಧವರ್ಣನೆಗಳನ್ನು ಓದುವಾಗ ಕುದುರೆಯವನ ಹಿಂದೆಯೇ ಆನೆಯವನೂ ಬಂದು ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಕಾಲವು ಆ ಇಬ್ಬರನ್ನೂ ಒಂದೇ ಬಗೆಯಾಗಿ ನಡೆಸಿಕೊಂಡಿಲ್ಲ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ಸಾಲನ್ನು ಈಗಲೂ ಕಣ್ತುಂಬ ನೋಡಬಹುದಾದರೂ ಕುದುರೆಯನ್ನು ಸಾಕಿ ಏರುವ ಮನೆತನಗಳು ಇಲ್ಲಿ ಅತಿ ವಿರಳವಾಗಿವೆ. ಮಾವುತನಾದರೋ ಇನ್ನೂ ಇದ್ದಾನೆ. ನಾಗರಹೊಳೆಯ ಅಂಚಿನಲ್ಲಿ, ಮತ್ತಿಗೋಡಿನಲ್ಲಿ, ಭೀಮನಕಟ್ಟೆಯಲ್ಲಿ, ಬಳ್ಳೆಯಲ್ಲಿ, ತನ್ನ ಆನೆಯೊಡನೆ ಬೆಳಗು ಬೈಗುಗಳನ್ನು ಕಳೆಯುತ್ತ, ಪುಸ್ತಕದಲ್ಲಿ ಬರೆಯದ ಒಂದು ವಿದ್ಯೆಯನ್ನು ಅವನು ಕಾಪಾಡಿಕೊಂಡು ಬಂದಿದ್ದಾನೆ. ಕುದುರೆಯ ಮನಸ್ಸನ್ನು ಗೆಲ್ಲಬೇಕೆನ್ನುವವರು ಮೊದಲು ಈ ಮಾವುತನ ಬಳಿ ಒಂದು ಬೆಳಗ್ಗೆ ಕಳೆದು ಬರಲಿ ಎಂದು ನಾನು ಹೇಳುವುದು, ಅದನ್ನು ಒಬ್ಬ ತರುಣನ ವಿಷಯದಲ್ಲಿ ಕಣ್ಣಾರೆ ಕಂಡ ಮೇಲೆ.

ಆತ ಪಿರಿಯಾಪಟ್ಟಣದ ಕಡೆಯವನು. ಹೊಗೆಸೊಪ್ಪಿನ ಬೇಸಾಯದ ಮನೆ. ಬಾಲ್ಯದಿಂದಲೂ ಕುದುರೆಯ ಹಂಬಲವಿದ್ದು, ಒಂದು ವರ್ಷ ಸೊಪ್ಪಿಗೆ ಒಳ್ಳೆಯ ಬೆಲೆ ಬಂದಾಗ, ಕಂದು ಬಣ್ಣದ ಕಾಠಿಯಾವಾಡಿ ಹೆಣ್ಣುಕುದುರೆಯೊಂದನ್ನು ಕೊಂಡುತಂದ. ಆ ತಳಿಯ ಕಿವಿಗಳನ್ನು ನೋಡಿದವರು ಮರೆಯಲಾರರು: ಎರಡೂ ಒಳಮುಖವಾಗಿ ಬಾಗಿ, ತುದಿಗಳು ಒಂದನ್ನೊಂದು ಮುಟ್ಟುವಂತೆ ನಿಂತಿರುತ್ತವೆ. ಮೂರು ತಿಂಗಳಾದರೂ ಆ ಕುದುರೆ ಅವನನ್ನು ಬೆನ್ನೇರಿಸಿಕೊಳ್ಳಲಿಲ್ಲ. ಜೀನನ್ನು ಕಂಡೊಡನೆ ಕಿವಿಗಳನ್ನು ಹಿಂದಕ್ಕೆ ಅಂಟಿಸುವುದು, ಪಟ್ಟಿ ಬಿಗಿಯುವಾಗ ಹೊಟ್ಟೆಯುಬ್ಬಿಸಿ ತಿರುಗಿ ಕಚ್ಚಲು ಬರುವುದು, ಹತ್ತಲು ಹೋದರೆ ಸುತ್ತಿ ಸರಿದು ನಿಲ್ಲುವುದು. ಹತ್ತಿರ ಹೋದಾಗಲೇ ಹೀಗೆ, ದೂರವಿದ್ದಾಗ ಶಾಂತವಾಗಿರುತ್ತದೆ, ಇದು ದುಷ್ಟ ಪ್ರಾಣಿಯೇ ಇರಬೇಕು ಎಂದು ಅವನು ಬಹಳ ನೊಂದು ನನ್ನೊಡನೆ ಹೇಳಿಕೊಂಡ. ಹದಿನೈದು ದಿನ ಜೀನನ್ನು ಅಟ್ಟಕ್ಕೆ ಹಾಕು, ನಾಳೆ ಮುಂಜಾನೆ ನನ್ನೊಡನೆ ಮತ್ತಿಗೋಡಿಗೆ ಬಾ ಎಂದೆ.

ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ಹಾದಿಯಲ್ಲಿ, ಕಾಡಿನ ನಡುವೆ ಆ ಶಿಬಿರವಿದೆ. ಶಿಬಿರದ ಆನೆಗಳನ್ನು ರಾತ್ರಿ ಕಾಲಿಗೆ ಸರಪಳಿ ಕಟ್ಟಿ ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಗ್ಗೆ ಮಾವುತನ ಸಹಾಯಕನಾದ ಕಾವಾಡಿಯು ಮಣ್ಣಿನ ಮೇಲೆ ಎಳೆದುಹೋದ ಸರಪಳಿಯ ಗೀರನ್ನು ಹಿಡಿದು ನಡೆದು, ಆನೆ ಎಲ್ಲಿದೆಯೋ ಅಲ್ಲಿಂದ ಕರೆದುಕೊಂಡು ಬರುತ್ತಾನೆ. ನಾವು ಹೋದಾಗ ಒಂದು ಆನೆ ನೀರಿನಲ್ಲಿ ಪಕ್ಕಕ್ಕೆ ಒರಗಿ ಮಲಗಿತ್ತು. ಕಾವಾಡಿ ಅದರ ಕಿವಿಯ ಹಿಂಬದಿಯ ಮಡಿಕೆಯನ್ನು ಎಡಗೈಯಿಂದ ಎತ್ತಿ ಹಿಡಿದು ಬಲಗೈಯ ಕಲ್ಲಿನಿಂದ ಉಜ್ಜುತ್ತಿದ್ದ. ಒಂದು ಜಾಗಕ್ಕೆ ಬಂದಾಗ ಆನೆ ಮೆಲ್ಲಗೆ ಸೊಂಡಿಲಿನ ತುದಿಯನ್ನು ಸುರುಳಿ ಸುತ್ತಿತು, ಅಷ್ಟೇ; ಅವನು ಕೈ ನಿಲ್ಲಿಸಿ, ಕಲ್ಲನ್ನು ಕೆಳಗಿಟ್ಟು, ಬರಿಯ ಅಂಗೈಯಿಂದ ಆ ಜಾಗವನ್ನು ತಡವಿ ನೋಡಿ, ಅಲ್ಲೊಂದು ಮುಳ್ಳಿನ ಗೀರು ಇರುವುದನ್ನು ಕಂಡು, ಅದನ್ನು ಬಿಟ್ಟು ಸುತ್ತಲೂ ಉಜ್ಜಿದ. ಇಷ್ಟನ್ನು ಅವನು ಮಾವುತನೊಡನೆ ಮಾತನಾಡುತ್ತಲೇ ಮಾಡಿದ; ತಾನೇನೋ ವಿಶೇಷ ಮಾಡಿದೆನೆಂಬ ಅರಿವೂ ಅವನಿಗಿದ್ದಂತೆ ಕಾಣಲಿಲ್ಲ. ಆಮೇಲೆ, ಹುಲ್ಲಿನೊಳಗೆ ಭತ್ತ ಬೆಲ್ಲಗಳನ್ನಿಟ್ಟು ಕಟ್ಟಿದ ಕುಸುರೆಯನ್ನು, ಮೊಳಕೈವರೆಗೆ ಬಾಯೊಳಗೆ ತೋಳಿಟ್ಟು ಉಣಿಸಿದ.

ತರುಣ ತನ್ನ ಕುದುರೆಯ ಕಥೆಯನ್ನು ಮಾವುತನಿಗೆ ಹೇಳಿದ. ಜೇನುಕುರುಬರ ಆ ಹಿರಿಯ ಎಲ್ಲವನ್ನೂ ಕೇಳಿ, ಅದಕ್ಕೆ ಮೇವು ಹಾಕುವವರು ಯಾರು ಎಂದು ಒಂದೇ ಮಾತು ಕೇಳಿದ. ಮನೆಯ ಆಳು ಎಂದು ಉತ್ತರ ಬಂತು. ಹಾಗಾದರೆ ಅದು ಆಳಿನ ಕುದುರೆಯಲ್ಲವೇ ಎಂದ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಪ್ರಶ್ನೆಯ ವಿಸ್ತಾರ. ಆನೆಯ ಶಿಬಿರದಲ್ಲಿ ಕತ್ತಿನ ಮೇಲೆ ಕುಳಿತು ನಡೆಸುವವನು ಮಾವುತ. ಮೇವು ತರುವ, ಮೈ ತೊಳೆಯುವ, ಕಾಡಿನಿಂದ ಹುಡುಕಿ ತರುವ ಕೆಲಸ ಕಾವಾಡಿಯದು. ಕಾವಾಡಿಯಾಗಿ ವರ್ಷಗಟ್ಟಲೆ ದುಡಿದವನೇ ಮುಂದೆ ಮಾವುತನಾಗುವುದು ಅಲ್ಲಿಯ ವಾಡಿಕೆ. ಕುದುರೆಯನ್ನು ಕೊಳ್ಳುವ ನಾವಾದರೋ ಮೊದಲ ದಿನವೇ ರಾವುತರಾಗಬೇಕೆನ್ನುತ್ತೇವೆ. ನಮ್ಮ ಪ್ರಾಚೀನರು ಕುದುರೆಯ ಮರ್ಮವನ್ನು ಬಲ್ಲ ವಿದ್ಯೆಗೆ ಅಶ್ವಹೃದಯವೆಂದು ಹೆಸರಿಟ್ಟರು; ನಳನು ಆ ವಿದ್ಯೆಯನ್ನು ಋತುಪರ್ಣನಿಗೆ ಕೊಟ್ಟು ಪಗಡೆಯ ಮರ್ಮವಾದ ಅಕ್ಷಹೃದಯವನ್ನು ಪಡೆದನೆಂದು ಮಹಾಭಾರತದಲ್ಲಿದೆ. ಆಗ ನಳನು ಅಯೋಧ್ಯೆಯ ಅರಮನೆಯಲ್ಲಿ ಬಾಹುಕನೆಂಬ ಹೆಸರಿನಿಂದ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವನು, ನಕುಲನೂ ವಿರಾಟನ ಲಾಯದಲ್ಲಿ ಆಳಾಗಿಯೇ ಇದ್ದವನು ಎಂಬುದನ್ನು ನೆನೆದರೆ, ಹೃದಯವಿದ್ಯೆಯು ಜೀನಿನ ಮೇಲಿಂದ ಅಲ್ಲ, ಲಾಯದ ನೆಲದಿಂದ ಆರಂಭವಾಗುತ್ತದೆಂಬುದು ನಮ್ಮ ಹಿರಿಯರಿಗೆ ತಿಳಿದೇ ಇತ್ತೆಂದು ತೋರುತ್ತದೆ.

ಕುದುರೆಯ ಸ್ವಭಾವದ ಮೂಲ ಭಯ. ಬಯಲಿನಲ್ಲಿ ಹಿಂಡಾಗಿ ಮೇಯುತ್ತ, ಬೇಟೆಯ ಪ್ರಾಣಿಗಳಿಂದ ಓಡಿ ಬದುಕಿದ ಕುಲವದು. ಅದರ ಕಣ್ಣು, ಕಿವಿ, ಕಾಲುಗಳೆಲ್ಲ ಆ ಓಟಕ್ಕಾಗಿಯೇ ರೂಪುಗೊಂಡಿವೆ. ತಲೆಯ ಎರಡು ಪಕ್ಕಗಳಲ್ಲಿ ಕಣ್ಣುಗಳಿರುವುದರಿಂದ ತನ್ನ ಸುತ್ತಲಿನ 360 ಡಿಗ್ರಿಗಳಲ್ಲಿ ಸುಮಾರು 350ರಷ್ಟನ್ನು ಅದು ಕತ್ತು ತಿರುಗಿಸದೆ ನೋಡಬಲ್ಲದು. ಕಾಣದೆ ಉಳಿಯುವುದು ಹಣೆಯ ನೇರ ಮುಂದಿನ ಒಂದು ತುಣುಕು, ಬಾಲದ ನೇರ ಹಿಂದಿನ ಒಂದು ತುಣುಕು. ಅಪರಿಚಿತರು ಪ್ರೀತಿಯಿಂದಲೇ ಕೈಚಾಚಿ ಮುಟ್ಟಲು ಹೋಗುವುದು ಹಣೆಯನ್ನು. ಕಾಣದೆಡೆಯಿಂದ ಬಂದ ಕೈಗೆ ಅದು ತಲೆಯನ್ನು ಹಿಂದಕ್ಕೆ ಎಸೆಯುತ್ತದೆ, ನಾವು ಅದನ್ನು ಪೊಗರೆನ್ನುತ್ತೇವೆ. ಆದಕಾರಣ ಹತ್ತಿರ ಹೋಗುವಾಗ ಎಡ ಹೆಗಲಿನ ಕಡೆಯಿಂದ, ಓರೆಯಾಗಿ, ನಿಧಾನವಾಗಿ, ಏನಾದರೂ ಮಾತನಾಡುತ್ತ ಹೋಗತಕ್ಕದ್ದು. ಎರಡು ಮಾರು ದೂರದಲ್ಲಿ ನಿಂತು ಅಂಗೈಯ ಹಿಂಬದಿಯನ್ನು ಚಾಚಿ, ಅದೇ ಮುಂದೆ ಬಂದು ಮೂಸುವವರೆಗೆ ಕಾಯಬೇಕು. ಬಾರದಿದ್ದರೆ ಹಿಂದಿರುಗಬೇಕು. ಈ ಹಿಂದಿರುಗುವಿಕೆ ಬಹು ದೊಡ್ಡ ಮಾತು. ಬೇಡವೆಂದಾಗ ಈ ಮನುಷ್ಯ ನಿಲ್ಲುತ್ತಾನೆಂಬ ಅರಿವೇ ವಿಶ್ವಾಸದ ಮೊದಲನೆಯ ಮೆಟ್ಟಿಲು. ಹಿಂದುಗಡೆಯಿಂದ ಹಾದುಹೋಗಲೇಬೇಕಾದಾಗ, ಮೈಗೆ ಮೈ ತಾಗುವಷ್ಟು ಸಮೀಪವಾಗಿ ಕೈಯನ್ನು ಅದರ ಪೃಷ್ಠದ ಮೇಲೆ ಇಟ್ಟುಕೊಂಡೇ ಸುತ್ತಿ ಹೋಗಬೇಕು. ಇಲ್ಲವೇ ಒದೆತಕ್ಕೆ ಸಿಗದಷ್ಟು ದೂರದಿಂದ ಹೋಗಬೇಕು. ಇವೆರಡರ ನಡುವಿನ ದೂರವೇ ಅಪಾಯದ್ದು.

ಮೊದಲ ಹದಿನೈದು ದಿನಗಳ ಕೆಲಸವೇನೆಂದರೆ, ನಿಗದಿಯಾದ ವೇಳೆಗೆ ಹೋಗುವುದು, ಉಣಿಸುವುದು, ಮೈ ಉಜ್ಜುವುದು, ಏನೂ ಕೇಳದೆ ಹತ್ತಿರ ಕುಳಿತಿರುವುದು. ಉಣಿಸುವ ವಿಷಯದಲ್ಲಿ ನಮ್ಮ ಕಡೆ ತಪ್ಪು ಕಲ್ಪನೆಗಳಿವೆ. ಕೋಟೆ ತಾಲ್ಲೂಕಿನ ಕೆಮ್ಮಣ್ಣಿನ ಹೊಲಗಳಲ್ಲಿ ಬೆಳೆಯುವ ಹುರುಳಿಗೆ ಇಂಗ್ಲಿಷರು ಕುದುರೆಯ ಕಾಳೆಂದೇ ಹೆಸರಿಟ್ಟುದರಿಂದ ಹುರುಳಿ ಹೆಚ್ಚು ತಿಂದಷ್ಟೂ ಕುದುರೆ ಬಲಿಯುವುದೆಂದು ನಂಬುವವರಿದ್ದಾರೆ. ವಾಸ್ತವವಾಗಿ ಅದರ ಮುಖ್ಯ ಆಹಾರ ಹುಲ್ಲು. ದೇಹದ ಗಾತ್ರಕ್ಕೆ ಹೋಲಿಸಿದರೆ ಅದರ ಜಠರ ಬಹು ಚಿಕ್ಕದು, ಹಿಡಿಸುವುದು ಹೆಚ್ಚೆಂದರೆ 15 ಲೀಟರು. ವಾಂತಿ ಮಾಡಲಂತೂ ಅದಕ್ಕೆ ಶಕ್ಯವೇ ಇಲ್ಲ. ಒಂದೇ ಸಲ ಬಹಳ ಕಾಳು ಬಿದ್ದರೆ ಹೊಟ್ಟೆಶೂಲೆ ಬರುತ್ತದೆ, ಗೊರಸಿನೊಳಗೆ ಉರಿಯೂತವಾಗಿ ಕಾಲೇ ಕೆಡುವುದೂ ಉಂಟು. 350 ಕಿಲೋ ತೂಗುವ ಕುದುರೆಗೆ ದಿನಕ್ಕೆ 5ರಿಂದ 7 ಕಿಲೋ ಒಣಹುಲ್ಲು, ಸ್ವಲ್ಪಸ್ವಲ್ಪವಾಗಿ, ಹಗಲಿರುಳು ಬಾಯಾಡಿಸುವಂತೆ ಸಿಗಬೇಕು. ಹುರುಳಿಯನ್ನು ರಾತ್ರಿ ನೆನೆಹಾಕಿ ಬೇಯಿಸಿ, ದುಡಿತಕ್ಕೆ ತಕ್ಕಂತೆ ಸ್ವಲ್ಪವೇ ಕೊಡಬೇಕು. ನೀರು ಸದಾ ಇರಬೇಕು. ಹಸಿದ ಹೊಟ್ಟೆಯೂ ಉರಿಯುವ ಹೊಟ್ಟೆಯೂ ಇರುವ ಪ್ರಾಣಿಯಿಂದ ಸ್ನೇಹವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಬೆಲ್ಲದ ಚೂರು, ಗಜ್ಜರಿಯ ತುಂಡುಗಳನ್ನು ಕೈಯಲ್ಲಿ ಕೊಡುವುದಾದರೆ ಕೈಯನ್ನು ಚಪ್ಪಟೆಯಾಗಿ ಚಾಚಿ ಕೊಡಿ. ಅದು ಸೌಮ್ಯವಾಗಿ ನಿಂತಾಗ ಕೊಡಿ, ಜೇಬನ್ನು ಮೂತಿಯಿಂದ ತಿವಿದು ಕೇಳಿದಾಗ ಕೊಡಬೇಡಿ.

ಮೈ ಉಜ್ಜುವ ಕೆಲಸವನ್ನು ಆಳಿಗೆ ಒಪ್ಪಿಸಬಾರದು. ಕತ್ತು ಮುಗಿದು ಬೆನ್ನು ಮೊದಲಾಗುವೆಡೆಯಲ್ಲಿ, ಕೇಸರದ ಬುಡದ ಆ ಉಬ್ಬಿನಲ್ಲಿ, ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆದುಕೊಳ್ಳುತ್ತವೆ. ಅದು ಅವುಗಳ ಸ್ನೇಹದ ಸಂಕೇತ. ಆ ಜಾಗವನ್ನು ಮನುಷ್ಯ ಕೆರೆದಾಗ ಕುದುರೆಯ ಹೃದಯದ ಬಡಿತ ಇಳಿಯುವುದನ್ನು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಳೆದು ತೋರಿಸಿದೆ. ಆದುದರಿಂದ ಬೆನ್ನು ತಟ್ಟಿ ಚಪ್ಪಳೆಯ ಸದ್ದು ಮಾಡುವ ಬದಲು ಬೆರಳುಗಳಿಂದ ಅಲ್ಲಿ ಕೆರೆಯಿರಿ. ಮೇಲ್ದುಟಿ ಮುಂದಕ್ಕೆ ಚಾಚಿ ನಡುಗುತ್ತ, ಕಣ್ಣು ಅರೆಮುಚ್ಚಿ, ಕತ್ತು ತಗ್ಗಿ, ಒಂದು ಹಿಂಗಾಲನ್ನು ಸಡಿಲಬಿಟ್ಟು ಅದು ನಿಂತರೆ, ಸರಿಯಾದ ಜಾಗ ಸಿಕ್ಕಿತೆಂದು ತಿಳಿಯಿರಿ. ಮೈ ಉಜ್ಜುವ ಖರಾರವನ್ನು ಹಿಡಿದು ಕತ್ತಿನಿಂದ ಹಿಂದಕ್ಕೆ ಬರುವಾಗ ಕಿವಿಗಳ ಮೇಲೆ ದೃಷ್ಟಿಯಿರಲಿ. ಎರಡೂ ಕಿವಿಗಳು ಬೇರೆಬೇರೆಯಾಗಿ ತಿರುಗಬಲ್ಲವು. ಒಂದು ಕಿವಿ ನಿಮ್ಮ ಕಡೆ ಹೊರಳಿದ್ದರೆ ಅದು ನಿಮ್ಮನ್ನು ಆಲಿಸುತ್ತಿದೆ. ಎರಡೂ ತಲೆಗೆ ಅಂಟಿದರೆ ಆ ಜಾಗ ಬೇಡವೆಂದು ಹೇಳುತ್ತಿದೆ. ಬಾಲದ ಬೀಸು, ಮೂಗಿನ ಸುಕ್ಕು, ಕಣ್ಣಿನ ಬಿಳಿ ಕಾಣುವುದು, ಇವೆಲ್ಲ ಅದರ ಮುಂದಿನ ಮಾತುಗಳು. ಕಚ್ಚುವುದು, ಒದೆಯುವುದು ಕಟ್ಟಕಡೆಯದು. ಮೊದಲ ಮಾತುಗಳನ್ನು ಯಾರೂ ಕೇಳದೆ ಹೋದುದರಿಂದಲೇ ಕಚ್ಚುವ ಕುದುರೆ ಕಚ್ಚಲು ಕಲಿತಿರುತ್ತದೆ. ಮತ್ತಿಗೋಡಿನ ಆ ಕಾವಾಡಿ ಸೊಂಡಿಲಿನ ತುದಿಯ ಸುರುಳಿಯನ್ನು ಕಂಡು ಕೈ ತಡೆದನಲ್ಲ, ಅದಕ್ಕಿಂತ ಹೆಚ್ಚಿನ ಶಾಸ್ತ್ರ ಇದರಲ್ಲಿ ಏನೂ ಇಲ್ಲ.

ಕಲಿಸುವ ಕ್ರಮಕ್ಕೆ ಬರೋಣ. ಕುದುರೆ ಒತ್ತಡದಿಂದ ಕಲಿಯುತ್ತದೆಂದು ಬಹುಮಂದಿ ಭಾವಿಸುತ್ತಾರೆ; ಅದು ಕಲಿಯುವುದು ಒತ್ತಡ ತಪ್ಪಿದ ಕ್ಷಣದಿಂದ. ಹಗ್ಗವನ್ನು ಮೆಲ್ಲಗೆ ಮುಂದಕ್ಕೆಳೆದು ಹಿಡಿದಿದ್ದೀರೆನ್ನಿ; ಅದು ಒಂದೇ ಹೆಜ್ಜೆ, ಹೆಜ್ಜೆಯೂ ಬೇಡ, ಮುಂದಿನ ಕಾಲಿಗೆ ಭಾರವನ್ನು ಸರಿಸಿದ ಆ ನಿಮಿಷಾರ್ಧದಲ್ಲೇ ಕೈ ಸಡಿಲವಾಗಬೇಕು. ಆ ಸಡಿಲಿಕೆಯೇ ಹೌದು ಎಂಬ ಉತ್ತರ. ಎರಡು ಕ್ಷಣ ತಡವಾದರೆ, ಯಾವುದಕ್ಕಾಗಿ ಸಡಿಲಾಯಿತೆಂಬುದು ಅದಕ್ಕೆ ತಿಳಿಯದು. ಸಡಿಲಿಸದೆ ಎಳೆಯುತ್ತಲೇ ಇದ್ದರೆ, ತಾನು ಏನು ಮಾಡಿದರೂ ನೋವು ತಪ್ಪದೆಂದು ಕಲಿತು, ಬಾಯಿ ಕಲ್ಲಾಗಿ, ಕಡಿವಾಣಕ್ಕೆ ಮೈಮರೆತು ಓಡುವ ಕುದುರೆ ತಯಾರಾಗುತ್ತದೆ. ಮಾವುತನ ಕಾಲ್ಬೆರಳುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕಿವಿಯ ಹಿಂದೆ ಅವನ ಹೆಬ್ಬೆರಳು ಒತ್ತುತ್ತದೆ, ಅಷ್ಟು ದೊಡ್ಡ ಮೈ ತಿರುಗಲು ಮೊದಲಿಡುತ್ತದೆ, ಬೆರಳು ಆಗಲೇ ಬಿಟ್ಟಿರುತ್ತದೆ. ಆನೆ ಪೂರ್ತಿ ತಿರುಗುವವರೆಗೂ ಅವನು ತಿವಿಯುತ್ತ ಕೂರುವುದಿಲ್ಲ.

ನಾರ್ವೆ ದೇಶದ ಸಂಶೋಧಕರು 23 ಕುದುರೆಗಳಿಗೆ ಮೂರು ಫಲಕಗಳ ಗುರುತುಗಳನ್ನು ಕಲಿಸಿದರು: ಒಂದು ಹೊದಿಕೆ ಹಾಕು ಎನ್ನಲು, ಇನ್ನೊಂದು ತೆಗೆ ಎನ್ನಲು, ಮತ್ತೊಂದು ಈಗಿರುವಂತೆಯೇ ಇರಲಿ ಎನ್ನಲು. ಎರಡು ವಾರಗಳಲ್ಲಿ ಎಲ್ಲ ಕುದುರೆಗಳೂ ಮೂತಿಯಿಂದ ಫಲಕವನ್ನು ಮುಟ್ಟಿ ತಮ್ಮ ಇಚ್ಛೆಯನ್ನು ಹೇಳತೊಡಗಿದವು. ಮಳೆ ಚಳಿಗಳ ದಿನ ಹೊದಿಕೆಯನ್ನು ಕೇಳಿದವು, ಬಿಸಿಲಿದ್ದಾಗ ತೆಗೆಯಹೇಳಿದವು. 2016ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ದಿನ ನನ್ನ ಮನಸ್ಸು ಬಹಳ ಹೊತ್ತು ಅದನ್ನೇ ಮೆಲುಕು ಹಾಕಿತು. ಸಾವಿರಾರು ವರ್ಷಗಳಿಂದ ನಮ್ಮೊಡನಿರುವ ಪ್ರಾಣಿಗೆ ಹೇಳುವುದು ಬಹಳವಿತ್ತು, ಕೇಳುವ ಏರ್ಪಾಡು ಮಾತ್ರ ಇರಲಿಲ್ಲ. ಫಲಕಗಳನ್ನು ನಾವು ನೆಡಬೇಕಾಗಿಲ್ಲ. ಜೀನನ್ನು ಬೆನ್ನಿಗೆ ಎಸೆಯದೆ ಮೊದಲು ಅದರ ಮೂತಿಯ ಬಳಿ ಹಿಡಿದು ಮೂಸಲು ಕೊಡುವುದು, ಮೂಸಿ ಮುಖ ತಿರುಗಿಸಿದರೆ ಸ್ವಲ್ಪ ಹೊತ್ತು ನಿಂತು ಮತ್ತೆ ಕೇಳುವುದು, ಇಷ್ಟೇ ಸಾಕು. ಕೇಳಿದುದಕ್ಕೆ ಬೆಲೆಯುಂಟೆಂದು ಕಂಡ ಕುದುರೆ ದಿನ ಕಳೆದಂತೆ ಬೇಡವೆನ್ನುವುದನ್ನು ತಾನೇ ಕಡಿಮೆ ಮಾಡುತ್ತದೆ.

ಭಯವನ್ನು ಬಿಡಿಸುವ ಬಗೆಯನ್ನು ತಿಳಿಯಬೇಕಾದರೆ ದಸರೆಗೆ ಮುಂಚಿನ ಮೈಸೂರನ್ನು ನೋಡಬೇಕು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪೂಜೆಗೊಂಡು ಗಜಪಯಣ ಹೊರಟ ಆನೆಗಳು ಅರಮನೆಯ ಆವರಣದಲ್ಲಿ ವಾರಗಟ್ಟಲೆ ತಂಗುತ್ತವೆ. ಮಾವುತರ ಹೆಂಡಿರು ಮಕ್ಕಳೂ ಅಲ್ಲಿಯೇ ಗುಡಿಸಿಲು ಕಟ್ಟಿಕೊಂಡಿರುತ್ತಾರೆ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುವ ಆನೆಯ ಬೆನ್ನಿಗೆ ಅಷ್ಟು ಭಾರವನ್ನು ಯಾರೂ ಒಮ್ಮೆಗೇ ಏರಿಸುವುದಿಲ್ಲ: ಮೊದಲು ಬರಿಮೈಯಲ್ಲಿ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ನಡಿಗೆ, ಆಮೇಲೆ ಮರಳಿನ ಮೂಟೆಗಳು, ದಿನದಿನಕ್ಕೆ ಹೆಚ್ಚು, ಕೊನೆಗೆ ಮರದ ಅಂಬಾರಿ. ಜಂಬೂಸವಾರಿಯ ದಿನ 21 ಕುಶಾಲತೋಪುಗಳು ಹಾರುತ್ತವಾದುದರಿಂದ, ಆನೆಗಳನ್ನೂ ಪೊಲೀಸ್ ಅಶ್ವದಳದ ಕುದುರೆಗಳನ್ನೂ ಒಟ್ಟಿಗೆ ನಿಲ್ಲಿಸಿ ಫಿರಂಗಿಯ ತಾಲೀಮು ನಡೆಸುತ್ತಾರೆ. ಹೊಸ ಆನೆಯ ಪಕ್ಕದಲ್ಲಿ ಪಳಗಿದ ಆನೆ ಇರುತ್ತದೆ. ಒಂದು ಸಲಕ್ಕೆ ಬೆಚ್ಚಿದ ಪ್ರಾಣಿಗೆ ಮತ್ತೊಂದು ದಿನ, ಮಗದೊಂದು ದಿನ ಅದೇ ಸದ್ದು ಕೇಳಿಸುತ್ತದೆ, ಸದ್ದಿನಿಂದ ಯಾವ ಕೇಡೂ ಆಗದೆಂಬುದು ಮೆಲ್ಲಗೆ ಮನಸ್ಸಿಗಿಳಿಯುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾದ ಕಾಳಗದಲ್ಲಿ, ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳಿಗೆ ಎದುರಾಗಿ ಏರಿದ ಮೈಸೂರು ಲ್ಯಾನ್ಸರ್ಸ್ ತುಕಡಿಯ ಕುದುರೆಗಳ ಹಿಂದೆಯೂ ಇಂಥದೇ ಅದೆಷ್ಟೋ ದಿನಗಳ ತಾಲೀಮು ಇದ್ದಿರಬೇಕು.

ನಿಮ್ಮ ಕುದುರೆ ಪ್ಲಾಸ್ಟಿಕ್ ಚೀಲಕ್ಕೋ ಟ್ರ್ಯಾಕ್ಟರಿಗೋ ಬೆದರುವುದಾದರೆ ಇದೇ ಕ್ರಮವನ್ನು ಅನುಸರಿಸಿರಿ. ಅದು ನೋಡುತ್ತದೆ ಆದರೆ ಮೇವು ಬಿಡುವುದಿಲ್ಲ ಎನ್ನುವಷ್ಟು ದೂರದಲ್ಲಿ ಆರಂಭಿಸಿ, ಕತ್ತು ತಗ್ಗಿ ಉಸಿರು ಬಿಟ್ಟಾಗ ಅಂದಿಗೆ ಮುಗಿಸಿ, ಮರುದಿನ ಎರಡು ಹೆಜ್ಜೆ ಹತ್ತಿರಕ್ಕೆ ಹೋಗಿರಿ. ಧೈರ್ಯದ ಕುದುರೆಯೊಂದು ಜೊತೆಗಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಜೊತೆಗೆ ಕುದುರೆ ಇಲ್ಲದವರು ಆ ಪಳಗಿದ ಸಂಗಾತಿಯ ಸ್ಥಾನದಲ್ಲಿ ತಾವೇ ನಿಲ್ಲಬೇಕು. ಇಲ್ಲಿ ಸ್ವೀಡನ್ನಿನ ಒಂದು ಪ್ರಯೋಗವನ್ನು ಹೇಳಬೇಕು. ಸವಾರರೂ ಕುದುರೆ ನಡೆಸುವವರೂ ಒಂದೇ ದಾರಿಯಲ್ಲಿ ನಾಲ್ಕು ಬಾರಿ ಹೋಗಿಬರಬೇಕು. ನಾಲ್ಕನೆಯ ಬಾರಿ ಪಕ್ಕದಲ್ಲಿ ನಿಂತವರು ಕೊಡೆಯನ್ನು ಫಕ್ಕನೆ ಬಿಚ್ಚುವರೆಂದು ಮನುಷ್ಯರಿಗೆ ತಿಳಿಸಲಾಗಿತ್ತು. ಕೊಡೆಯನ್ನು ಯಾರೂ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಅವರೊಡನಿದ್ದ ಕುದುರೆಗಳ ಎದೆಬಡಿತವೂ ಏರಿತು. ನಮ್ಮ ಮೊಣಕಾಲಿನ ಬಿಗಿ, ಲಗಾಮು ಹಿಡಿದ ಬೆರಳಿನ ಬಿಗಿ, ತಡೆದ ಉಸಿರು, ಇವು ಜೀನಿನ ಚರ್ಮವನ್ನು ದಾಟಿ ಅದರ ಬೆನ್ನಿಗೆ ಸುದ್ದಿಯನ್ನು ಮುಟ್ಟಿಸುತ್ತವೆ. ಆದಕಾರಣ ಮನಸ್ಸು ಕದಡಿರುವ ದಿನ ಏರಬೇಡಿ. ಏರಿದ ಮೇಲೆ ಭಯ ಬಂದರೆ, ಹೊಟ್ಟೆಯವರೆಗೆ ಉಸಿರೆಳೆದು ದೀರ್ಘವಾಗಿ ಬಿಡುತ್ತ, ಕಣ್ಣನ್ನು ಬೆದರಿಸುವ ವಸ್ತುವಿನಿಂದ ಕಿತ್ತು ಮುಂದಿನ ದಾರಿಯ ಮೇಲಿಡಿ.

ಹಟವೆಂದು ನಾವು ಕರೆಯುವುದರಲ್ಲಿ ಬಹುಪಾಲು ನೋವು. ಏರಗೊಡದ ಕುದುರೆಗೆ ಬುದ್ಧಿ ಕಲಿಸುವ ಮೊದಲು ಅದರ ಬೆನ್ನುಮೂಳೆಯ ಇಬ್ಬದಿಗಳನ್ನೂ ಬೆರಳಿನಿಂದ ಒತ್ತುತ್ತ ಹೋಗಿ ಎಲ್ಲಿ ಕುಗ್ಗುತ್ತದೆಂದು ನೋಡಿ. ಜೀನು ಬೇರೆ ಕುದುರೆಯ ಅಳತೆಯದಾಗಿರಬಹುದು. ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತಿರಬಹುದು, ಅದನ್ನು ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಗೆ ತೋರಿಸಬೇಕು. ಗೊರಸನ್ನು 6ರಿಂದ 8 ವಾರಗಳಿಗೊಮ್ಮೆ ಒಪ್ಪಮಾಡಿಸಬೇಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದು: 350 ಕಿಲೋ ಕುದುರೆಗೆ 70 ಕಿಲೋ. ಧನುರ್ವಾಯು ಕುದುರೆಗಳಿಗೆ ಬಹು ಸುಲಭವಾಗಿ ತಗಲುವುದರಿಂದ ಆ ಲಸಿಕೆಯನ್ನು ತಪ್ಪಿಸಕೂಡದು. ಅದು ಪಕ್ಕೆಯನ್ನು ತಿರುಗಿ ತಿರುಗಿ ನೋಡುತ್ತ, ಮುಂಗಾಲಿನಿಂದ ನೆಲ ಕೆರೆಯುತ್ತ, ಮೇವು ಬಿಟ್ಟು ಹೊರಳಾಡತೊಡಗಿದರೆ ಹೊಟ್ಟೆಶೂಲೆಯೆಂದು ತಿಳಿದು ಆ ಕ್ಷಣವೇ ವೈದ್ಯರನ್ನು ಕರೆಯಿರಿ. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಅದಲ್ಲ.

ಕೋಪದ ವಿಷಯದಲ್ಲಿ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಗ್ರೀಕರ ಕ್ಸೆನೊಫೋನ್ ಎಂಬ ಸೇನಾನಿ ಎಚ್ಚರಿಸಿದ್ದಾನೆ. ಸಿಟ್ಟಿನಲ್ಲಿ ಕುದುರೆಯ ಬಳಿ ಹೋಗಲೇಕೂಡದೆಂಬುದು ಅವನ ಗ್ರಂಥದ ಮುಖ್ಯ ಉಪದೇಶಗಳಲ್ಲೊಂದು. ನಮ್ಮ ಸೀಮೆಯ ಇತಿಹಾಸವೂ ಈ ಮಾತನ್ನು ಬೇರೊಂದು ಬಗೆಯಲ್ಲಿ ಹೇಳುತ್ತದೆ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೈಸೂರಿನಲ್ಲಿ ಖೆಡ್ಡಾ ಪದ್ಧತಿಯನ್ನು ಆರಂಭಿಸಿದ ಮೇಲೆ, ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡು ಆ ಆನೆ ಹಿಡಿಯುವ ಕಾರ್ಯಕ್ಕೆ ಜಗತ್ಪ್ರಸಿದ್ಧವಾಯಿತು. ಕಬಿನಿಯ ದಡದಲ್ಲಿ ತಮಟೆ, ಬೆಂಕಿ, ಕೂಗುಗಳ ನಡುವೆ ಹಿಂಡುಹಿಂಡಾಗಿ ಅಟ್ಟಿ ತಂದು ಆನೆಗಳನ್ನು ಕೂಡುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಅದನ್ನು ವೈಭವವೆಂದು ಬಣ್ಣಿಸಲು ನನಗೆ ಮನಸ್ಸೊಪ್ಪುವುದಿಲ್ಲ. ಹಸಿವು, ಹಗ್ಗ, ಭೀತಿಗಳಿಂದ ಪ್ರಾಣಿ ಬಗ್ಗುತ್ತದೆ ನಿಜ. ಬಗ್ಗಿದ ಪ್ರಾಣಿಯೂ ನಂಬಿದ ಪ್ರಾಣಿಯೂ ಹೊರನೋಟಕ್ಕೆ ಒಂದೇ ಬಗೆಯಾಗಿ ನಿಂತಿರುತ್ತವೆ. ವ್ಯತ್ಯಾಸ ಕಾಣುವುದು ಆಪತ್ತಿನಲ್ಲಿ. ಆ ಭೀತಿಯ ನಂತರವೂ ಆನೆಗಳು ಮನುಷ್ಯನೊಡನೆ ಬಾಳಿದುವಾದರೆ ಅದಕ್ಕೆ ಕಾರಣ ಖೆಡ್ಡಾ ಅಲ್ಲ, ಆಮೇಲೆ ಬಂದ ಕಾವಾಡಿಗಳ ಸಾವಿರಾರು ಬೆಳಗುಗಳ ಸೇವೆ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ಆನೆಯೊಡನೆ ಅಷ್ಟು ಸಹಜವಾಗಿ ಕಂಡು ಲೋಕವನ್ನು ಬೆರಗುಗೊಳಿಸಿದನೆಂದರೆ, ಅವನಿಗೆ ಅದು ಅಭಿನಯವಾಗಿರಲಿಲ್ಲ, ಮನೆಯ ಬದುಕಾಗಿತ್ತು.

1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕು, ಬಳ್ಳೆಯ ಶಿಬಿರದಲ್ಲಿ ಬಾಳಿ, 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯನ್ನು ನಮ್ಮ ಜನ ಮರೆತಿಲ್ಲ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಅರಣ್ಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗವೊಂದು ಮೇಲೆ ಬಿದ್ದಾಗ ಅವನು ಎದುರಿಸಿ ಕಾದಾಡಿ ಮಡಿದ. ಮಾವುತ ಆ ಮಹಾಕಾಯವನ್ನು ತಬ್ಬಿ, ಎಬ್ಬಿಸಲು ಯತ್ನಿಸುವವನಂತೆ ರೋದಿಸುತ್ತಿದ್ದುದನ್ನು ಕರ್ನಾಟಕವೆಲ್ಲ ದೂರದರ್ಶನದಲ್ಲಿ ಕಂಡಿತು. ಆ ದೃಶ್ಯವನ್ನು ಕಂಡು ಬಾಂಧವ್ಯವೆಂದರೆ ಇದು ಎಂದು ಅನೇಕರು ಕಣ್ಣೊರೆಸಿಕೊಂಡರು, ನಾನೂ ಅವರಲ್ಲೊಬ್ಬ. ಆದರೆ ಅಂಥ ಬಾಂಧವ್ಯವುಳ್ಳ ಮಾವುತರೇ ಮದವೇರಿದ ಕಾಲದಲ್ಲಿ, ಕಪೋಲದಿಂದ ಕಪ್ಪು ಸ್ರಾವ ಇಳಿಯುವುದನ್ನು ಕಂಡೊಡನೆ, ತಾವೇ ಸಾಕಿದ ಆನೆಯಿಂದಲೂ ದೂರ ನಿಲ್ಲುತ್ತಾರೆಂಬುದನ್ನು ಓದುಗರು ಗಮನಿಸಬೇಕು. ಪ್ರೀತಿ ಎಚ್ಚರಿಕೆಯನ್ನು ಬಿಡಿಸುವುದಿಲ್ಲ. ಎಷ್ಟೇ ನಂಬಿದ ಕುದುರೆಯಾದರೂ ತಲೆಗೆ ಶಿರಸ್ತ್ರಾಣವಿಲ್ಲದೆ ಏರಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಪಾದವನ್ನು ರಿಕಾಪಿನೊಳಗೆ ಪೂರ್ತಿ ತೂರಿಸಬೇಡಿ, ಬಿದ್ದಾಗ ಸಿಕ್ಕಿಕೊಂಡು ಎಳೆದೊಯ್ಯುವುದು ಅದರಿಂದಲೇ. ಕಟ್ಟುವಾಗ ಎಳೆದರೆ ಬಿಚ್ಚುವ ಗಂಟನ್ನೇ ಹಾಕಿರಿ.

ಮೊದಲ ಸಲ ಏರುವಾಗ, ಒಂದೇ ಉಸಿರಿಗೆ ಹಾರಿ ಕೂರುವುದು ಬೇಡ. ಎತ್ತರದ ಕಲ್ಲನ್ನೋ ಜಗಲಿಯನ್ನೋ ಹತ್ತಿ ಪಕ್ಕದಲ್ಲಿ ನಿಂತು ಬೆನ್ನಿನ ಮೇಲೆ ತೋಳೂರಿ ಇಳಿಯಿರಿ. ಮರುದಿನ ಹೊಟ್ಟೆಯನ್ನಿಟ್ಟು ಭಾರ ಕೊಟ್ಟು ಇಳಿಯಿರಿ. ಅದು ಕಾಲುಗಳನ್ನು ಅಗಲಿಸಿ ನಿಂತು ಭಾರವನ್ನು ತಾನಾಗಿ ಸರಿದೂಗಿಸಿಕೊಂಡ ದಿನ ಕುಳಿತುಕೊಳ್ಳಿ. ಕುಳಿತ ದಿನ ಎಲ್ಲಿಗೂ ಹೋಗಬೇಡಿ. ನಡಿಗೆಯಲ್ಲಿ ಸಮಾಧಾನ ಬಂದ ಮೇಲೆ ಕುಕ್ಕೋಟ, ಅದರಲ್ಲಿ ಉಸಿರು ಕೂಡಿದ ಮೇಲೆ ನಾಗಾಲೋಟ. ಸುಗಮವಾಗಿ ನಡೆದ ಘಳಿಗೆಯಲ್ಲೇ ಇಳಿದು ಪಟ್ಟಿಯನ್ನು ಸಡಿಲಿಸಿಬಿಡಿ.

ಪಿರಿಯಾಪಟ್ಟಣದ ಆ ತರುಣ ಮತ್ತಿಗೋಡಿನಿಂದ ಹಿಂದಿರುಗಿದ ದಿನವೇ ಮೇವಿನ ಬುಟ್ಟಿಯನ್ನು ಆಳಿನ ಕೈಯಿಂದ ತನ್ನ ಕೈಗೆ ತೆಗೆದುಕೊಂಡ. ಜೀನನ್ನು ಪರೀಕ್ಷಿಸಿದ ವೈದ್ಯರು ಅದು ಬೆನ್ನನ್ನು ಒಂದೆಡೆ ಒತ್ತುತ್ತಿದೆಯೆಂದು ತೋರಿಸಿಕೊಟ್ಟರು. ಹದಿನೈದು ದಿನವೆಂದಿದ್ದ ಗಡುವು ಎರಡು ತಿಂಗಳಾಯಿತು. ಒಂದು ಮಧ್ಯಾಹ್ನ ನಾನು ಹೋದಾಗ ಅವನು ಬೇಲಿಯ ಗೂಟವೊಂದನ್ನು ಹುಗಿಯುತ್ತಿದ್ದ. ಹತ್ತು ಮಾರು ಆಚೆ, ಹೊಂಗೆಯ ನೆರಳಿನಲ್ಲಿ, ಕುದುರೆ ನಾಲ್ಕೂ ಕಾಲು ಚಾಚಿ ನೆಲದ ಮೇಲೆ ಪಕ್ಕಕ್ಕೆ ಮಲಗಿತ್ತು. ನಿಂತೇ ತೂಕಡಿಸಬಲ್ಲ ಕುದುರೆ, ಹಾಗೆ ಮೈಚೆಲ್ಲಿ ಮಲಗಿ ಗಾಢವಾಗಿ ನಿದ್ರಿಸುವುದು ತನಗೆ ಭಯವಿಲ್ಲದೆಡೆಯಲ್ಲಿ ಮಾತ್ರ. ಬಂದಂದಿನಿಂದ ಅದು ಮಲಗಿದುದನ್ನು ಹಗಲಿನಲ್ಲಿ ಯಾರೂ ಕಂಡಿರಲಿಲ್ಲವಂತೆ. ಅವನು ಗುದ್ದಲಿಯನ್ನು ಎತ್ತಿದವನು ನನ್ನನ್ನು ಕಂಡು, ಸದ್ದು ಮಾಡಬೇಡಿರೆಂದು ತುಟಿಯ ಮೇಲೆ ಬೆರಳಿಟ್ಟ. ಬಾಗಿದ ಆ ಕಿವಿಗಳಲ್ಲೊಂದು ಮಾತ್ರ ಅವನ ಕಡೆಗೆ ಹೊರಳಿ, ಮತ್ತೆ ಸಡಿಲವಾಗಿ ಬಿತ್ತು. ನಾವಿಬ್ಬರೂ ಬೇಲಿಯ ಹೊರಗೆ ಕುಳಿತೆವು. ಅದು ಏಳುವವರೆಗೂ ಕುಳಿತಿದ್ದೆವು.